ಮರುಮಾತಿಲ್ಲದ ಸೇವಕ

ಆಳಂದ ತಾಲ್ಲೂಕಿನ ಭೂಸನೂರ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಅಲ್ಲಿಯ ರೈತನಿಗೆ ಪಹಣಿಯೆಂಬುದು ಬರಿಯ ಕಾಗದವಲ್ಲ. ಸಾಲ ಹುಟ್ಟುವುದು ಅದರ ಮೇಲೆ; ಅಣ್ಣತಮ್ಮಂದಿರ ಪಾಲು ತೀರುವುದು ಅದರಿಂದ; ಮಗಳ ಮದುವೆಗೆಂದು ಎರಡೆಕರೆ ಮಾರಹೊರಟರೂ ಕೊಳ್ಳುವವನು ಮೊದಲು ಕೇಳುವುದು ಅದನ್ನೇ. 1956ರ ನವೆಂಬರ್ 1ರವರೆಗೆ ಆ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅಂದಿನ ಪಹಣಿ ಇದ್ದುದು ಪಟವಾರಿಯ ದಫ್ತರದಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಪಟವಾರಿಯ ಲೇಖನಿಯ ತುದಿಯಲ್ಲಿ. ಆದರೂ ಒಂದು ಹೆಸರನ್ನು ಕೆರೆದು ಇನ್ನೊಂದನ್ನು ಬರೆದರೆ ಕಾಗದದ ಮೇಲೆ ಕಲೆಯಾದರೂ ಉಳಿಯುತ್ತಿತ್ತು.

ಈ ಶತಮಾನದ ಆದಿಯಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯಡಿಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಖಾತೆ ಬದಲಿಸುವ ನೌಕರನು ಯಂತ್ರದ ಮೇಲೆ ತನ್ನ ಬೆರಳನ್ನು ಒತ್ತಿಯೇ ಒಳಹೋಗಬೇಕೆಂಬ ಏರ್ಪಾಡೂ ಆಯಿತು. ಗುಪ್ತಪದವನ್ನು ಯಾರೋ ಕದ್ದರೆಂದು ಹೇಳಿ ಜಾರಿಕೊಳ್ಳಬಹುದು. ಬೆರಳನ್ನು ಕದ್ದರೆಂದು ಹೇಳುವುದು ಕಷ್ಟ.

ಇದು ಮುಂಬಾಗಿಲಿನ ಬೀಗ. ಇಂಥ ಯಾವ ದೊಡ್ಡ ದಫ್ತರಕ್ಕೇ ಆಗಲಿ, ಹಿಂದೊಂದು ಕೋಣೆಯಿರುತ್ತದೆ. ಅಲ್ಲಿ ಯಂತ್ರದ ಯೋಗಕ್ಷೇಮ ನೋಡುವ ಮೇಲ್ವಿಚಾರಕನು ಕುಳಿತಿರುತ್ತಾನೆ. ಅವನ ಮುಂದೆ ಬಣ್ಣದ ಚಿತ್ರಗಳಿಲ್ಲ, ‘ಖಂಡಿತವೆ?’ ಎಂದು ಕೇಳುವ ಪೆಟ್ಟಿಗೆಗಳಿಲ್ಲ. ಸಾಮಾನ್ಯವಾಗಿ ಒಂದು ಕಪ್ಪು ತೆರೆ. ಅದರಲ್ಲಿ ಮಿನುಗುವ ಒಂದು ಗುರುತು. ಅವನು ಒಂದು ಸಾಲು ಆಜ್ಞೆಯನ್ನು ಬೆರಳಚ್ಚಿಸುತ್ತಾನೆ, ಯಂತ್ರ ನೆರವೇರಿಸುತ್ತದೆ. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಇಷ್ಟೆಲ್ಲ ಚಿತ್ರವಿಚಿತ್ರ ತೆರೆಗಳು ಬಂದ ಮೇಲೂ ಲೋಕದ ದೊಡ್ಡ ಗಣಕಯಂತ್ರಗಳನ್ನು ಆಳುವ ಕ್ರಮ ಬಹುಮಟ್ಟಿಗೆ ಇದೇ. ನೂರು ಯಂತ್ರಗಳಿಗೆ ಒಂದೇ ಕೆಲಸ ಹೇಳಬೇಕಾದಾಗ ಚಿತ್ರಗಳನ್ನು ಒಂದೊಂದಾಗಿ ಒತ್ತುತ್ತ ಕೂರುವವರಾರು? ಒಂದು ಸಾಲು ಬರೆದರೆ ಮುಗಿಯಿತು.

ಆ ಆಜ್ಞೆಗಳ ಭಾಷೆ ವಿಚಿತ್ರ ಮೊಟಕು. ‘ತೆಗೆದುಹಾಕು’ ಎನ್ನಲು ಆರ್, ಎಂ ಎಂಬ ಎರಡೇ ಅಕ್ಷರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಅವರಿಗೆ ದೊರೆತಿದ್ದುದು ತಂತಿ ಕಚೇರಿಯ ಟೆಲಿಪ್ರಿಂಟರಿನಂಥ ಸಾಧನ. ಕ್ಷಣಕ್ಕೆ ಹತ್ತು ಅಕ್ಷರ ಹೊಡೆದರೆ ಹೆಚ್ಚು. ಅಲ್ಲಿ ಮಾತು ಕಡಿಮೆಯಾದಷ್ಟೂ ಸುಖ. ಕೆಲಸ ಕೆಟ್ಟರೆ ಯಂತ್ರ ಗೊಣಗುತ್ತದೆ. ಸರಿಯಾಗಿ ಆದರೆ ಮೌನ. ಅಳಿಸಬಾರದುದನ್ನು ಅಳಿಸಿದಾಗಲೂ ಅದೇ ಮೌನ!

ಯೂನಿಕ್ಸ್ ವಂಶದ ಯಂತ್ರಗಳಲ್ಲಿ ಸರ್ವಾಧಿಕಾರಿಗೆ ‘ರೂಟ್’ ಎಂದು ಹೆಸರು. ಅವನಿಗೆ ಮುಚ್ಚಿದ ಬಾಗಿಲಿಲ್ಲ. ಸಾಮಾನ್ಯ ಬಳಕೆದಾರನ ತೆರೆಯಲ್ಲಿ ಡಾಲರಿನ ಚಿಹ್ನೆ, ರೂಟ್‌ನ ತೆರೆಯಲ್ಲಿ ಅಡ್ಡಗೆರೆ ಉದ್ದಗೆರೆಗಳ ಒಂದು ಪುಟ್ಟ ಜಾಲರಿ. ಅಷ್ಟೇ ವ್ಯತ್ಯಾಸ. ಈ ಕಿರೀಟವನ್ನು ದಿನವಿಡೀ ಧರಿಸುವುದು ಅಪಾಯವೆಂದು ಕಂಡುದರಿಂದ 1980ರ ಸುಮಾರಿಗೆ ಬಫಲೋ ವಿಶ್ವವಿದ್ಯಾಲಯದಲ್ಲಿ ‘ಸುಡೂ’ ಎಂಬ ಉಪಾಯ ಹುಟ್ಟಿತು. ಮೇಲ್ವಿಚಾರಕನು ಸಾಮಾನ್ಯನಂತೆಯೇ ಕುಳಿತಿದ್ದು, ಬೇಕಾದ ಒಂದು ಆಜ್ಞೆಗೆ ಮಾತ್ರ ಅಧಿಕಾರವನ್ನು ಎರವಲು ಪಡೆಯುತ್ತಾನೆ. ಹಾಗೆ ಪಡೆದುದು ದಿನಚರಿಯಲ್ಲಿ ದಾಖಲಾಗುತ್ತದೆ. ಮೊದಲ ಸಲ ಬಳಸುವಾಗ ಯಂತ್ರವೇ ಬುದ್ಧಿ ಹೇಳುವುದುಂಟು: ಪರರ ಗುಟ್ಟನ್ನು ಗೌರವಿಸು, ಬರೆಯುವ ಮುನ್ನ ಯೋಚಿಸು. ಎರಡನೆಯ ಸಲದಿಂದ ಅದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

ಯೋಚಿಸುವವರೂ ಎಡವುತ್ತಾರೆ. 2017ರ ಜನವರಿ 31ರ ರಾತ್ರಿ, ಸಾವಿರಾರು ಜನರ ಕೆಲಸವನ್ನು ಕಾಪಾಡುವ ಗಿಟ್‌ಲ್ಯಾಬ್ ಸಂಸ್ಥೆಯ ಮೇಲ್ವಿಚಾರಕನೊಬ್ಬನು ದಣಿದ ಹೊತ್ತಿನಲ್ಲಿ ಎರಡನೆಯ ಯಂತ್ರದ ಒಂದು ಕಡತವನ್ನು ಬರಿದು ಮಾಡಹೊರಟನು. ಆಜ್ಞೆ ಕೊಟ್ಟದ್ದು ಮೊದಲನೆಯ ಯಂತ್ರಕ್ಕೆ. ಒಂದೆರಡು ಕ್ಷಣದಲ್ಲೇ ತಪ್ಪು ಹೊಳೆದು ತಡೆದನಾದರೂ 300 ಗಿಗಾಬೈಟುಗಳಲ್ಲಿ ಉಳಿದದ್ದು ನಾಲ್ಕೂವರೆ. ಪ್ರತಿ ತೆಗೆದಿಡಲು ಹಲವು ಏರ್ಪಾಡುಗಳಿದ್ದುವು. ಆಪತ್ತಿನಲ್ಲಿ ನೋಡಿದರೆ ಒಂದೂ ನೆಟ್ಟಗಿರಲಿಲ್ಲ. ಆರು ಗಂಟೆಗಳ ಹಿಂದೆ ಬೇರಾವುದೋ ಕಾರಣಕ್ಕೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿಯೇ ಆ ಸಂಸ್ಥೆಯ ಮಾನ ಉಳಿಸಿತು. ಸಂಸ್ಥೆಯು ಆ ನೌಕರನ ಹೆಸರನ್ನು ಹೊರಗೆಡಹಲಿಲ್ಲ. ನಡೆದುದನ್ನು ಮಾತ್ರ ಬಹಿರಂಗವಾಗಿ ಬರೆದು ತಿಳಿಸಿತು. ದೊಡ್ಡತನವೆಂದರೆ ಅದು.

ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿ 28ರಂದು, ಅಮೆಜಾನ್ ಕಂಪೆನಿಯ ಸರದಿ. ಕೆಲವೇ ಯಂತ್ರಗಳನ್ನು ತೆಗೆಯಲೆಂದು ಕೊಟ್ಟ ಆಜ್ಞೆಯಲ್ಲಿ ಒಂದು ಅಂಶ ತಪ್ಪಾಗಿ ಬಿದ್ದು, ಬಹಳಷ್ಟು ಯಂತ್ರಗಳು ಹೊರಬಿದ್ದುವು. ಅವನ್ನು ನೆಚ್ಚಿದ್ದ ಅಸಂಖ್ಯ ಸೇವೆಗಳು ನಾಲ್ಕು ಗಂಟೆಗಳಷ್ಟು ಕಾಲ ತತ್ತರಿಸಿದುವು. ಆ ಮೇಲೆ ಕಂಪೆನಿಯು ಆಜ್ಞೆಯನ್ನೇ ತಿದ್ದಿತು: ಇನ್ನು ಮುಂದೆ ಅದು ನಿಧಾನವಾಗಿ ತೆಗೆಯಬೇಕು, ಇಷ್ಟಕ್ಕಿಂತ ಕಡಿಮೆಯಾಗುವುದಾದರೆ ಒಲ್ಲೆನೆನ್ನಬೇಕು.

ಇವೆಲ್ಲ ಕೈತಪ್ಪುಗಳಾದುವು. ಬೇಕೆಂದೇ ಮಾಡುವವನ ವಿಷಯವೇನು? ಪಹಣಿಯಂಥ ದಾಖಲೆಯ ಮಟ್ಟಿಗೆ ಪ್ರಶ್ನೆ ಗಡುಸಾಗುವುದು ಇಲ್ಲಿಯೇ. ಸುಡೂ ಬರೆದಿಡುವ ದಿನಚರಿಯೂ ಆ ಯಂತ್ರದೊಳಗಿನ ಒಂದು ಕಡತವೇ ತಾನೆ? ಎಲ್ಲವನ್ನೂ ಅಳಿಸಬಲ್ಲವನು ಅದನ್ನೂ ಅಳಿಸಬಲ್ಲನು. ಪಟವಾರಿಯ ಕಾಗದದಂತೆ ಕಲೆ ಉಳಿಯುವುದಿಲ್ಲ. ಆದಕಾರಣ ಬಲ್ಲವರು ಆ ದಿನಚರಿಯನ್ನು ಬರೆದ ಕ್ಷಣದಲ್ಲೇ ಇನ್ನೊಂದು ಯಂತ್ರಕ್ಕೆ ಕಳಿಸುವಂತೆ ಏರ್ಪಡಿಸುತ್ತಾರೆ. ಅದರ ಬೀಗದ ಕೈ ಬೇರೊಬ್ಬ ಅಧಿಕಾರಿಯ ಬಳಿ ಇರುತ್ತದೆ. ಮೊದಲಿನ ಮೇಲ್ವಿಚಾರಕನಿಗೆ ಅಲ್ಲಿ ಪ್ರವೇಶವಿಲ್ಲ.