ಡಬ್ಬ ಬದಲಿಸುವ ಮೊದಲು ಅರ್ತ್ ನೋಡಿ

ನಮ್ಮ ಮನೆಯ ಬೀರುವಿನಲ್ಲಿ 41,000 ರೂಪಾಯಿಯ ಒಂದು ಅಲ್ಯೂಮಿನಿಯಂ ಡಬ್ಬ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಹೆಸರು ಇಸಿಎಂ. ಗಾಡಿಯ ಎಂಜಿನ್ನಿಗೆ ಯಾವಾಗ, ಎಷ್ಟು ಡೀಸೆಲ್ ಕೊಡಬೇಕೆಂದು ತೀರ್ಮಾನಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ನನ್ನ ಪಿಕಪ್ ಗಾಡಿಯದು ಕೆಟ್ಟಿದೆ ಎಂದು ಹೇಳಿ ಹೊಸದು ಹಾಕಿದರು. ಇವತ್ತು ಗಾಡಿ ಓಡುತ್ತಿರುವುದು ಆ 'ಕೆಟ್ಟ' ಡಬ್ಬದಲ್ಲೇ. ಹೊಸದು ಬೀರುವಿನಲ್ಲಿ ಕೂತಿದೆ. ನನಗಾದ ನಷ್ಟ ಇನ್ನೊಬ್ಬ ರೈತರಿಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ ತಾಲೂಕು. ಎರಡು ಎಕರೆ ಹಿಪ್ಪುನೇರಳೆ, ನೀರಿದ್ದ ವರ್ಷ ಒಂದು ಎಕರೆ ಟೊಮ್ಯಾಟೊ. ಗೂಡು ಶಿಡ್ಲಘಟ್ಟ ಮಾರುಕಟ್ಟೆಗೆ, ಟೊಮ್ಯಾಟೊ ಚಿಂತಾಮಣಿ ಮಂಡಿಗೆ, ನೆರೆಯವರ ಸೇವಂತಿಗೆ ಚಿಕ್ಕಬಳ್ಳಾಪುರಕ್ಕೆ. ಈ ಗಾಡಿ ನಿಂತರೆ ಮೂರು ಮನೆಯ ಬೆಳೆ ನಿಲ್ಲುತ್ತದೆ. ಗೂಡಿನ ಪಾಡಂತೂ ರೇಷ್ಮೆ ಬೆಳೆಯುವವರಿಗೆ ಗೊತ್ತೇ ಇದೆ. ಚಂದ್ರಿಕೆಯಿಂದ ಬಿಡಿಸಿದ ಮೇಲೆ ದಿನ ಕಳೆದಂತೆ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ತೂತಾದ ಗೂಡಿನಲ್ಲಿ ನೂಲು ಬಿಚ್ಚುವ ಹಾಗಿಲ್ಲ. ಗಾಡಿ ರಿಪೇರಿ ಆಗುವ ತನಕ ಗೂಡು ಕಾಯುವುದಿಲ್ಲ.

ನನ್ನ ಗಾಡಿ ಗುಂಡಿ ಹಾರಿಸಿದಾಗ ಇದ್ದಕ್ಕಿದ್ದಂತೆ ಆಫ್ ಆಗಲು ಶುರುವಾಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತಿತ್ತು. ಒಂದು ದಿನ ಗೂಡಿನ ಚೀಲ ತುಂಬಿಕೊಂಡು ಹೊರಟವನು ದಾರಿಯಲ್ಲೇ ನಿಂತೆ. ಗೂಡನ್ನು ಬಾಡಿಗೆ ಆಟೋದಲ್ಲಿ ಕಳಿಸಿ, ಗಾಡಿಯನ್ನು ಎಳೆಸಿಕೊಂಡು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋದೆ. ಸ್ಕ್ಯಾನರ್ ಚುಚ್ಚಿದರು. ಒಂದಕ್ಕೊಂದು ಸಂಬಂಧವಿಲ್ಲದ ಏಳು ಫಾಲ್ಟ್ ಕೋಡ್ ಬಂದವು. "ಇಷ್ಟು ಕೋಡ್ ಒಟ್ಟಿಗೆ ಬಂದಿದೆ ಅಂದ್ರೆ ಇಸಿಎಂ ಹೋಗಿದೆ ಸಾರ್" ಅಂದರು. ಮೀಟರ್ ಹಿಡಿದು ಯಾರೂ ಏನನ್ನೂ ಅಳೆಯಲಿಲ್ಲ. ಐದು ದಿನ ಬಿಟ್ಟು ಹೊಸ ಡಬ್ಬ ಬಂತು. ಹಣ ಕಟ್ಟಿ ಗಾಡಿ ತಂದೆ. ಹಳೆಯ ಡಬ್ಬ ಕೊಡಿ ಎಂದು ಹಟ ಹಿಡಿದು ತಂದಿದ್ದೊಂದೇ ನಾನು ಮಾಡಿದ ಜಾಣತನ.

ಇಪ್ಪತ್ತು ದಿನ ಗಾಡಿ ಚೆನ್ನಾಗಿ ಓಡಿತು. ಇಪ್ಪತ್ತೊಂದನೇ ದಿನ ಟೊಮ್ಯಾಟೊ ಕ್ರೇಟು ತುಂಬಿಕೊಂಡು ಹೋಗುವಾಗ ಚಿಂತಾಮಣಿ ರಸ್ತೆಯಲ್ಲಿ ಮತ್ತೆ ಅದೇ ಕತೆ.

ಎರಡು ರೂಪಾಯಿಯ ಉಪ್ಪು ಕಾಗದ

ಚಿಂತಾಮಣಿಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಓದಿದ್ದು ಐಟಿಐ. ಅವರು ಸ್ಕ್ಯಾನರಿಗೆ ಕೈ ಹಾಕಲೇ ಇಲ್ಲ. "ಅಣ್ಣ, ಡಬ್ಬ ಕೆಟ್ಟಿದೆ ಅನ್ನೋ ಮೊದ್ಲು ಅದಕ್ಕೆ ಕರೆಂಟ್ ಸರಿಯಾಗಿ ಹೋಗ್ತಿದೆಯಾ ನೋಡ್ಬೇಕಲ್ವಾ?" ಅಂದರು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಡಬ್ಬದ ಅರ್ತ್ ತಂತಿಗೆ ಹಿಡಿದು ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಮೀಟರ್ 1.8 ವೋಲ್ಟ್ ತೋರಿಸಿತು. ಸರಿಯಿದ್ದ ಗಾಡಿಯಲ್ಲಿ ಅದು 0.2, ಹೆಚ್ಚೆಂದರೆ 0.3 ಇರಬೇಕಂತೆ. ಅಂದರೆ ಅರ್ತ್ ಹಾದಿಯಲ್ಲೇ ಎಲ್ಲೋ ತಡೆ ಇದೆ.

ತಡೆ ಸಿಕ್ಕಿತು. ಎಫ್‌ಸಿಗೆ ಹೋಗುವ ಮೊದಲು ನಾನೇ ಗಾಡಿಗೆ ಬಣ್ಣ ಹೊಡೆಸಿದ್ದೆ. ಪೇಂಟರ್ ಅರ್ತ್ ಪಟ್ಟಿ ಕಳಚಿ ಚಾಸಿಗೆ ಬಣ್ಣ ಬಳಿದು, ಬಣ್ಣದ ಮೇಲೆಯೇ ಪಟ್ಟಿಯನ್ನು ಬಿಗಿದಿದ್ದ. ಬೋಲ್ಟಿನ ಎಳೆಯಲ್ಲಿ ಅಷ್ಟಿಷ್ಟು ಕರೆಂಟ್ ಹರಿಯುತ್ತಿತ್ತು, ಗುಂಡಿ ಹಾರಿದಾಗ ಅದೂ ತಪ್ಪುತ್ತಿತ್ತು. ಹಾಗಾದರೆ ಹೊಸ ಡಬ್ಬ ಹಾಕಿದ ಮೇಲೆ ಇಪ್ಪತ್ತು ದಿನ ಹೇಗೆ ಓಡಿತು? ಡಬ್ಬ ಬದಲಿಸುವಾಗ ಬ್ಯಾಟರಿ ಕಳಚಿ ಮತ್ತೆ ಕಟ್ಟಬೇಕು. ಆ ಎಳೆದಾಟದಲ್ಲಿ ಪಟ್ಟಿ ಒಂದಿಷ್ಟು ಕಚ್ಚಿಕೊಂಡಿತ್ತು. ಗುಣವಾಗಿದ್ದು ಡಬ್ಬದಿಂದಲ್ಲ.

ಉಪ್ಪು ಕಾಗದದಲ್ಲಿ ಬಣ್ಣ ಉಜ್ಜಿ, ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಮೀಟರ್ 0.1ಕ್ಕೆ ಇಳಿಯಿತು. ಪರೀಕ್ಷೆಗೆಂದು ನನ್ನ ಹಳೆಯ ಡಬ್ಬ ಹಾಕಿ, ಆಮೇಲೆ ಸ್ಕ್ಯಾನರ್ ಜೋಡಿಸಿ ಕೀಲಿ ಹೊಂದಿಸಿದರು. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್! ಹದಿನಾಲ್ಕು ತಿಂಗಳಾಯಿತು, ಒಮ್ಮೆಯೂ ನಿಂತಿಲ್ಲ. ಅವರು ತೆಗೆದುಕೊಂಡಿದ್ದು 600 ರೂಪಾಯಿ.

ಮೋಟಾರ್ ಓಡದಿದ್ದರೆ ಪೈಪ್ ಎತ್ತುತ್ತೇವೆಯೇ?

ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಮೋಟಾರ್ ಓಡದಿದ್ದರೆ ಯಾರಾದರೂ ಮೊದಲೇ ಲಾರಿ ಕರೆಸಿ ಪೈಪ್ ಎತ್ತುತ್ತಾರೆಯೇ? ಫ್ಯೂಸ್ ನೋಡುತ್ತೇವೆ. ಮೂರು ಫೇಸ್ ಬಂದಿದೆಯೇ ನೋಡುತ್ತೇವೆ. ಸ್ಟಾರ್ಟರ್, ಕೇಬಲ್ ನೋಡುತ್ತೇವೆ. ಎಲ್ಲ ಸರಿಯಿದ್ದರೆ ಮಾತ್ರ ಮೋಟಾರ್ ಮೇಲೆ ಅನುಮಾನ. ಗಾಡಿಯ ಡಬ್ಬಕ್ಕೂ ಇದೇ ನ್ಯಾಯ ಸಲ್ಲಬೇಕು.

ಆ ಎಲೆಕ್ಟ್ರಿಷಿಯನ್ನರಿಂದ ನಾನು ಕಲಿತ ಕ್ರಮ ಇದು. ಮೊದಲು ಬ್ಯಾಟರಿ: ಸೆಲ್ಫ್ ಹೊಡೆಯುವಾಗ ಅದು ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಹೋದರೆ ಡಬ್ಬ ತಬ್ಬಿಬ್ಬಾಗುತ್ತದೆ. ಎರಡನೆಯದು ಡಬ್ಬದ ಫ್ಯೂಸು, ಮೇನ್ ರಿಲೇ. ಮೂರನೆಯದು ಅರ್ತ್. ನಾಲ್ಕನೆಯದು ವೈರಿಂಗ್. ರಾಗಿ ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸುವ ನಮ್ಮಂಥವರ ವೈರಿಂಗ್ ಅನ್ನು ಇಲಿ ಬಿಡುವುದಿಲ್ಲ. ಐದನೆಯದು ಸೆನ್ಸರ್. ಡಬ್ಬವು ಹಲವು ಸೆನ್ಸರುಗಳಿಗೆ 5 ವೋಲ್ಟ್ ಹಂಚುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ ಸಾಲಿನ ಎಲ್ಲವೂ ಒಟ್ಟಿಗೆ ಮಲಗುತ್ತವೆ. ನೋಡುವವರಿಗೆ ಡಬ್ಬವೇ ಸತ್ತ ಹಾಗೆ ಕಾಣುತ್ತದೆ. ಒಂದೊಂದೇ ಸೆನ್ಸರಿನ ಪಿನ್ ಕಳಚುತ್ತಾ ಹೋಗಿ; ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬಂತೋ ಅದೇ ಕಳ್ಳ. ಇಷ್ಟೆಲ್ಲ ಸರಿಯಿದ್ದೂ ಗಾಡಿ ಓಡದಿದ್ದರೆ ಆಗ ಡಬ್ಬದ ಮಾತು.

ನಿಜಕ್ಕೂ ಸುಟ್ಟಾಗ

ಡಬ್ಬ ಕೆಡುವುದೇ ಇಲ್ಲ ಎಂದಲ್ಲ. ಗೌರಿಬಿದನೂರಿನ ನಮ್ಮ ಭಾವನ ಕಾರಿನದು ನಿಜಕ್ಕೂ ಸುಟ್ಟಿತು. ಸೈಲೆನ್ಸರ್ ಕ್ಲಾಂಪ್ ಬಿಟ್ಟಿತ್ತೆಂದು ಬ್ಯಾಟರಿ ಕಳಚದೆ ವೆಲ್ಡಿಂಗ್ ಮಾಡಿಸಿದರು. ವೆಲ್ಡಿಂಗಿನ ಕರೆಂಟ್ ಬಾಡಿಯಲ್ಲಿ ಹರಿದು ಡಬ್ಬದೊಳಗೆ ನುಗ್ಗಿತು. ಗಾಡಿಗೆ ಏನೇ ವೆಲ್ಡಿಂಗ್ ಇರಲಿ, ಬ್ಯಾಟರಿಯ ತಂತಿ ಮತ್ತು ಡಬ್ಬದ ಪ್ಲಗ್ ಎರಡನ್ನೂ ಕಳಚಿಸಿ. ಬೇರೆ ಗಾಡಿಯಿಂದ ಕರೆಂಟ್ ತೆಗೆದುಕೊಳ್ಳುವಾಗ ಪ್ಲಸ್ಸು ಮೈನಸ್ಸು ಅದಲು ಬದಲಾಗದಂತೆ ನೋಡಿಕೊಳ್ಳಿ. ಎಂಜಿನ್ ಭಾಗಕ್ಕೆ ಪ್ರೆಷರ್ ನೀರು ಹೊಡೆಸಬೇಡಿ.

ಭಾವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೇ ನಂಬರಿನ ಹಳೆಯ ಡಬ್ಬವನ್ನು 9,000ಕ್ಕೆ ತಂದರು. ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಯಾಕೆಂದರೆ ಕೀಲಿಯೊಳಗೆ ಒಂದು ಚಿಪ್ ಇದೆ, ಅದರ ಗುರುತು ಡಬ್ಬಕ್ಕೆ ಗೊತ್ತಿರಬೇಕು. ಇದು ಕಳ್ಳತನ ತಡೆಯಲು ಮಾಡಿದ ವ್ಯವಸ್ಥೆ, ತಪ್ಪಲ್ಲ. ಡೀಸೆಲ್ ಗಾಡಿಯಾದರೆ ಪ್ರತಿ ಇಂಜೆಕ್ಟರಿನ ಮೇಲೆ ಅಚ್ಚಾಗಿರುವ ಸಂಕೇತವನ್ನೂ ಡಬ್ಬಕ್ಕೆ ಬರೆಯಬೇಕಾಗಬಹುದು. ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ, ಹೊಗೆ ಕಾರುತ್ತದೆ. ಕೊನೆಗೆ ಬೆಂಗಳೂರಿನಲ್ಲೇ ಒಬ್ಬರು ಸುಟ್ಟ ಡಬ್ಬದ ಮೆಮೊರಿ ಓದಿ ಈ ಡಬ್ಬಕ್ಕೆ ಬರೆದುಕೊಟ್ಟರು. ಅದಕ್ಕೆ 6,000. ಹಾಗಾಗಿ ಹಳೆಯ ಡಬ್ಬ ಕೊಳ್ಳುವವರು ಬರೀ ನಂಬರ್ ನೋಡಿ ಹಣ ಕೊಡಬೇಡಿ. ಬರೆದುಕೊಡುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ.

ನನ್ನ ವಾದ

ಈ ಡಬ್ಬವೇ ಬೇಡ, ಹಳೆಯ ಎಂಜಿನ್ನೇ ವಾಸಿ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಹೊಗೆ ಕಡಿಮೆ ಆಗಿದೆ, ಡೀಸೆಲ್ ಲೆಕ್ಕವಾಗಿ ಹೋಗುತ್ತದೆ. 2017ರ ಏಪ್ರಿಲ್‌ನಲ್ಲಿ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ದೇಶಕ್ಕೆಲ್ಲ ಬಂದ ಮೇಲೆ ಡಬ್ಬವಿಲ್ಲದ ಹೊಸ ಡೀಸೆಲ್ ಗಾಡಿಯ ಮಾತೇ ಇಲ್ಲ. 2023ರ ಜನವರಿಯಿಂದ 50 ಎಚ್‌ಪಿ ಮೇಲ್ಪಟ್ಟ ಹೊಸ ಟ್ರಾಕ್ಟರಿಗೂ ಬಿಗಿಯಾದ ಹೊಗೆ ನಿಯಮ ಬಂದಿದೆ. ಡಬ್ಬ ಹೊಲಕ್ಕೂ ಇಳಿಯುತ್ತಿದೆ. ಉಳುಮೆಯ ಹದ ಇರುವಾಗ ಟ್ರಾಕ್ಟರ್ ನಿಂತು, 'ಡಬ್ಬ ಬರಲು ಐದು ದಿನ ಬೇಕು' ಎಂದರೆ ಏನು ಮಾಡುತ್ತೇವೆ?

ನನ್ನ ತಕರಾರು ಇರುವುದು ಅಳೆಯದೆ ಬದಲಿಸುವುದರ ಮೇಲೆ. ಕೋಡ್ ಎಂಬುದು ಎಲ್ಲಿ ಹುಡುಕಬೇಕೆಂದು ತೋರಿಸುವ ಕೈಮರ. ಅದನ್ನೇ ತೀರ್ಪು ಎಂದುಕೊಂಡರೆ ಖರ್ಚು ರೈತನ ತಲೆಗೆ. ಇನ್ನೊಂದು ಕಡೆ, ಅಳೆಯಲು ಬರುವ ಊರಿನ ಎಲೆಕ್ಟ್ರಿಷಿಯನ್ನರಿಗೆ ಕಂಪನಿಯ ವೈರಿಂಗ್ ನಕ್ಷೆ ಸಿಗುವುದಿಲ್ಲ, ಡಬ್ಬಕ್ಕೆ ಬರೆಯುವ ಸಾಫ್ಟ್‌ವೇರ್ ಸಿಗುವುದಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ ಮತ್ತು ತಪಾಸಣೆ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಹೇಳಿತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ವಾಹನವೂ ಇದೆ, ಕೃಷಿ ಯಂತ್ರವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ವಾಹನ ರಿಪೇರಿ ಹಕ್ಕಿಗೆ ಮತ ಹಾಕಿದ್ದರು. ಅಲ್ಲಿನ ರೈತರು ಟ್ರಾಕ್ಟರಿನ ಸಾಫ್ಟ್‌ವೇರ್ ಬೀಗದ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ನಮ್ಮ ರೈತ ಸಂಘಟನೆಗಳು ಬೆಂಬಲ ಬೆಲೆ, ನೀರಿನ ಜತೆ ಇದನ್ನೂ ಬೇಡಿಕೆಯಾಗಿ ಎತ್ತಿಕೊಳ್ಳಬೇಕು. ನಮ್ಮ ಐಟಿಐಗಳು ಊರಿನ ಮೆಕ್ಯಾನಿಕರಿಗೆ ಹದಿನೈದು ದಿನದ ತರಬೇತಿ ಕೊಟ್ಟರೂ ಸಾಕು, ಎಷ್ಟೋ ಡಬ್ಬ ಉಳಿಯುತ್ತವೆ.

ಕಾನೂನು ಬರುವ ತನಕ ಕೂರುವುದು ಬೇಡ. ಯಾರಾದರೂ 'ಇಸಿಎಂ ಹೋಗಿದೆ' ಎಂದರೆ ಮೂರು ಮಾತು ಕೇಳಿ. ಒಂದು, ಬ್ಯಾಟರಿ, ಅರ್ತ್, 5 ವೋಲ್ಟ್ ಅಳತೆ ಎಷ್ಟು ಬಂತು? ಚೀಟಿಯಲ್ಲಿ ಬರೆದುಕೊಡಿ. ಎರಡು, ಹಳೆಯ ಡಬ್ಬ ನನಗೆ ವಾಪಸು ಬೇಕು. ಮೂರು, ಹೊಸದು ಹಾಕಿಯೂ ಅದೇ ದೋಷ ಬಂದರೆ ಹಣದ ಗತಿ ಏನು? ಬಿಲ್ ಬಿಡಬೇಡಿ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ಈ ಮೂರರಲ್ಲಿ ಎರಡನೆಯದನ್ನು ಮಾತ್ರ ಕೇಳಿದೆ. ಮೊದಲನೆಯದನ್ನು ಕೇಳಿದ್ದರೆ 41,000 ಉಳಿಯುತ್ತಿತ್ತು. ಅದು ನನಗೆ ಒಂದು ಬೆಳೆ ಗೂಡಿನ ಲಾಭ.

ನಿಮ್ಮೂರಲ್ಲಿ ಮೀಟರ್ ಹಿಡಿದು ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಇದ್ದರೆ ಅವರನ್ನು ಕಳೆದುಕೊಳ್ಳಬೇಡಿ. ಗಾಡಿಗೆ ಬಣ್ಣ ಹೊಡೆಸಿದವರು ನಾಳೆಯೇ ಒಮ್ಮೆ ಬಾನೆಟ್ ಎತ್ತಿ ಅರ್ತ್ ಬೋಲ್ಟ್ ನೋಡಿ.