ಶಟರ್ ಗಟ್ಟಿಯೋ, ಗಾಳಿ ಗಟ್ಟಿಯೋ?

ಅಳವಂಡಿ: ಏಪ್ರಿಲ್-ಮೇ ಬಂತೆಂದರೆ ಇಲ್ಲಿನ ಅಂಗಡಿಕಾರರ ಕಣ್ಣು ಸಂಜೆ ನಾಲ್ಕರ ಮೇಲೆ ಮುಗಿಲ ಕಡೆಗೇ. ಮೋಡ ಕವಿದು ಧೂಳೆದ್ದಿತೋ, ಬಸ್ಸಿಗೆ ನಿಂತವರು ಅಂಗಡಿಯೊಳಗೆ ನುಗ್ಗುತ್ತಾರೆ, ಸಾಹುಕಾರರು ಶಟರ್ ಅರ್ಧಕ್ಕೆ ಎಳೆದು ಕೂಡುತ್ತಾರೆ. ‘ಶಟರ್ ಇಳಿಸಿದ್ರ ಮುಗೀತು, ಗಾಳಿ ಏನ್ ಮಾಡ್ತದ?’ ಎಂಬ ಧೈರ್ಯ. ಈ ಧೈರ್ಯ ಬಲು ತೆಳು. ಎಷ್ಟು ತೆಳು ಎಂದರೆ ಶಟರಿನ ತಗಡಿನಷ್ಟೇ!

ಲೆಕ್ಕ ನೋಡಿ. ಹತ್ತಡಿ ಅಗಲ, ಎಂಟಡಿ ಎತ್ತರದ ಶಟರಿಗೆ ಗಂಟೆಗೆ 50 ಕಿ.ಮೀ. ಗಾಳಿ ಎದುರಾಗಿ ಬಡಿದರೆ ಬೀಳುವ ಭಾರ ಸುಮಾರು 90 ಕಿಲೋ. ಗಾಳಿ 100 ಕಿ.ಮೀ. ಆಯಿತೆನ್ನಿ, ಭಾರ 180 ಅಲ್ಲ, 350 ಕಿಲೋ! ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಮೂರೂವರೆ ಕ್ವಿಂಟಲ್ ಜೋಳ ಒಮ್ಮೆಲೇ ಬಂದು ಆತುಕೊಂಡಂತೆ.

ತಗಡು ಹರಿಯುವುದು ಅಪರೂಪ. ಶಟರ್ ಒಳಮುಖವಾಗಿ ಬಿಲ್ಲಿನಂತೆ ಬಾಗುತ್ತದೆ, ಬಾಗಿದಂತೆ ಪಟ್ಟಿಗಳ ತುದಿ ಪಕ್ಕದ ಚಾನೆಲ್ಲಿನಿಂದ ಜಾರುತ್ತದೆ. ಒಂದು ಕಡೆ ಜಾರಿತೋ, ಗಾಳಿ ಒಳಗೆ ಬಂತು. ಮೇಲೆ ತಗಡಿನ ಮಾಡು ಇದ್ದರೆ ಹೊರಗಿನ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ, ಒಳಗಿನದು ಕೆಳಗಿನಿಂದ ನೂಕುತ್ತದೆ. ಹೇರಿಟ್ಟ ಕಲ್ಲು ಸಮೇತ ತಗಡು ಹಾರುವುದು ಹೀಗೆ. 1992ರ ಆಗಸ್ಟ್‌ನಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ‘ಆಂಡ್ರ್ಯೂ’ ಚಂಡಮಾರುತ ಬಡಿದಾಗಲೂ ಇದೇ ಕಥೆ: ಮೊದಲು ಕಾರಿನ ಗ್ಯಾರೇಜಿನ ಬಾಗಿಲು ಒಳಗೆ ಬಿತ್ತು, ಆಮೇಲೆ ಮನೆಯ ಮಾಡು ಹಾರಿತು. ಅದರ ನಂತರವೇ ಅಲ್ಲಿ ಗ್ಯಾರೇಜ್ ಬಾಗಿಲಿನ ಕಾಯಿದೆ ಬಿಗಿಯಾಯಿತು.

ಅರ್ಧ ಇಳಿಸಿದ ಶಟರ್ ಇನ್ನೂ ಕೆಟ್ಟದ್ದು. ಕೆಳಗಿನ ಪಟ್ಟಿಗೆ ಹಿಡಿತವಿಲ್ಲ, ಗಾಳಿಗೆ ದಾರಿಯೂ ತೆರೆದಿದೆ. ಇಳಿಸುವುದಾದರೆ ನೆಲಕ್ಕೆ ತಾಗಿಸಿ ಎರಡೂ ಕಡೆ ಚಿಲಕ ಹಾಕಬೇಕು. ಹಿಂದಿನವರ ಹಲಗೆ ಬಾಗಿಲು, ಅದರ ಅಡ್ಡ ಸಲಾಕೆ ನೋಡಲು ಒರಟು, ಆದರೆ ಗಾಳಿಗೆ ಅದೇ ವಾಸಿ.

ಸರಕಾರಿ ಕಟ್ಟಡಗಳಿಗೆ ಮೂರೂವರೆ ಮೀಟರ್ ಅಗಲದವರೆಗಿನ ಶಟರಿಗೆ 0.9 ಮಿ.ಮೀ. ದಪ್ಪದ ಪಟ್ಟಿ, 65 ಮಿ.ಮೀ. ಆಳದ ಚಾನೆಲ್ ಎಂದು ಅಳತೆ ಇದೆ. ಹಳ್ಳಿಯ ಅಂಗಡಿಗೆ ಅಳತೆ ಕೇಳುವವರು ಯಾರು? ‘ರೇಟ್ ಎಷ್ಟು?’ ಒಂದೇ ಪ್ರಶ್ನೆ. ಅಗಲ ಹೆಚ್ಚಿದ್ದಲ್ಲಿ ಬೇಕಾದಾಗ ಸಿಕ್ಕಿಸಿ ತೆಗೆಯುವ ನಡುಗಂಬ ಹಾಕಿಸಿದರೆ ಬಾಗುವುದು ಬಹಳ ಕಡಿಮೆಯಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ.

ಇನ್ನು ಪರಿಹಾರದ ಮಾತು. ತಹಶೀಲ್ದಾರರ ಪಟ್ಟಿಯಲ್ಲಿ ಬಿದ್ದ ಮನೆ, ಸತ್ತ ದನ, ಹಾಳಾದ ಬೆಳೆಗೆ ಜಾಗವುಂಟು. ನೆನೆದ ಸಕ್ಕರೆ, ಬಟ್ಟೆಗೆ ಇಲ್ಲ. ಸಣ್ಣ ವ್ಯಾಪಾರಿಗಳಿಗೆಂದು 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ವಿಮೆಯಲ್ಲಿ ಬೆಂಕಿಯ ಜೊತೆ ಬಿರುಗಾಳಿಯೂ ಸೇರಿದೆ. ಕಟ್ಟಡ ಮಾತ್ರ ಬರೆಸಿದರೆ ಸಾಲದು, ಒಳಗಿನ ಸರಕನ್ನೂ ಬರೆಸಿರಬೇಕು.