ಯಾರು ಇದನ್ನ ನಿಮಗೆ ಮಾರಿದ್ದು?

ಕಳೆದ ಮಳೆಗಾಲದಲ್ಲಿ ಇನ್ವರ್ಟರ್ ಮಾರುವ ಸಂಸ್ಥೆಯೊಂದರಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ಮಲೆನಾಡಿನ ಮಳೆ ಗೊತ್ತಲ್ಲ, ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಸರ್ವಿಸ್ ಮಾಡುವ ಅಣ್ಣನ ಬೈಕಿನ ಹಿಂದೆ ಕೂತು ಹೊಸನಗರ ಕಡೆಯ ಹಳ್ಳಿಗಳಿಗೆ ಹೋಗುವುದೇ ನನ್ನ ಕೆಲಸ. ಒಂದು ಮನೆಯಲ್ಲಿ, ಇನ್ವರ್ಟರ್ ಎರಡು ತಾಸೂ ಬರುವುದಿಲ್ಲ ಎಂಬ ದೂರು. ನೋಡಿದರೆ 12 ವೋಲ್ಟಿನ 100 ಎಎಚ್ ಬ್ಯಾಟರಿ. ಅದರ ಮೇಲೆ ಫ್ರಿಜ್ಜೂ ಸೇರಿ ಇಡೀ ಮನೆಯ ಲೋಡು. ಲೆಕ್ಕಕ್ಕೆ 1,200 ವ್ಯಾಟ್-ಅವರ್, ಅದನ್ನೂ ಪೂರ್ತಿ ಬಳಸುವಂತಿಲ್ಲ. ಕ್ಲಾಸಿನಲ್ಲಿ ಕಲಿತದ್ದು ಕಣ್ಣೆದುರೇ ಸಿಕ್ಕ ಖುಷಿಗೆ ಯಜಮಾನರ ಮುಂದೆಯೇ ಅಂದುಬಿಟ್ಟೆ: “ಯಾರು ಇದನ್ನ ನಿಮಗೆ ಮಾರಿದ್ದು? ಇಷ್ಟು ಸಣ್ಣ ಬ್ಯಾಟರಿ ಯಾರಾದ್ರೂ ಕೊಡ್ತಾರಾ?”

“ನಿಮ್ಮವರೇ ಅಲ್ದನಾ ತಮ್ಮಾ?” ಎಂದರು ಅವರು.

ಬೈಯಲಿಲ್ಲ. ಚಹಾ ಕೊಟ್ಟೇ ಕಳಿಸಿದರು. ಮರುದಿನ ಆಫೀಸಿಗೆ ಫೋನ್ ಮಾಡಿ, ನಿಮ್ಮ ಇನ್ವರ್ಟರ್ ವಾಪಸ್ ತಗೊಂಡು ಹೋಗಿ ಎಂದರು. ಅದಕ್ಕೆ ಮಾತು ಕೇಳಬೇಕಾಗಿ ಬಂದದ್ದು ನಾನಲ್ಲ, ಆ ಅಣ್ಣ. ನನ್ನ ಸರ್ಟಿಫಿಕೇಟಿನಲ್ಲಿ ಮಾತ್ರ ‘ಸಂವಹನ: ಉತ್ತಮ’ ಎಂದೇ ಇದೆ!

ಕೆಲವು ತಿಂಗಳ ನಂತರ ಮೊಬೈಲ್‌ನಲ್ಲಿ ಹಳೆಯ ಬ್ರಿಟಿಷ್ ಕಾಮಿಡಿ ಹುಡುಕುತ್ತಿದ್ದಾಗ ಒಂದು ಚಿತ್ರದ ಹೆಸರು ಕಂಡು ಬೆಚ್ಚಿಬಿದ್ದೆ. ‘ಹೂ ಸೋಲ್ಡ್ ಯು ದಿಸ್, ದೆನ್?’ ನನ್ನದೇ ಡೈಲಾಗು, ಅದೂ 1972ರದ್ದು. ಜಾನ್ ಕ್ಲೀಸ್ ಅದರಲ್ಲಿ ರಿಪೇರಿ ಮಾಡುವವನು. ಯಂತ್ರದ ಕೈಕೆಲಸದಲ್ಲಿ ಗಟ್ಟಿಗ. ಆದರೆ ಗ್ರಾಹಕರ ಎದುರು ಬಾಯಿ ತೆರೆದರೆ ತನ್ನದೇ ಕಂಪನಿಯ ಮಾಲನ್ನೂ ಅದನ್ನು ಮಾರಿದವನನ್ನೂ ಹೀಗಳೆಯುತ್ತಾನೆ. ಮೊದಲು ನಕ್ಕೆ. ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಯಿತು.

‘ಮಾಂಟಿ ಪೈಥಾನ್’ ತಂಡದ ಕ್ಲೀಸ್, ಬಿಬಿಸಿಯಲ್ಲಿದ್ದ ಆಂಟನಿ ಜೇ ಮತ್ತಿತರರು ಸೇರಿ ಅದೇ 1972ರಲ್ಲಿ ‘ವಿಡಿಯೊ ಆರ್ಟ್ಸ್’ ಎಂಬ ಸಂಸ್ಥೆ ಕಟ್ಟಿದರು. ಕೆಲಸಗಾರರಿಗೆ, ಮ್ಯಾನೇಜರುಗಳಿಗೆ ತರಬೇತಿಯ ಸಿನಿಮಾ ಮಾಡುವುದೇ ಅದರ ಉದ್ಯೋಗ. (ಈ ಜೇ ಅವರೇ ಮುಂದೆ ಜೊನಾಥನ್ ಲಿನ್ ಜೊತೆ ‘ಯೆಸ್ ಮಿನಿಸ್ಟರ್’ ಬರೆದದ್ದು. ಹಿಂದಿಯಲ್ಲಿ ಅದು ಫಾರೂಕ್ ಶೇಖ್ ಅಭಿನಯದ ‘ಜೀ ಮಂತ್ರೀಜಿ’ ಆಯಿತು.) ಅವರ ‘ಮೀಟಿಂಗ್ಸ್, ಬ್ಲಡಿ ಮೀಟಿಂಗ್ಸ್’ 1976ರ ಚಿತ್ರ. ಸಭೆಗಳನ್ನು ಕೆಟ್ಟದಾಗಿ ನಡೆಸುವ ಮ್ಯಾನೇಜರ್ ಒಬ್ಬನಿಗೆ ರಾತ್ರಿ ಕನಸು ಬೀಳುತ್ತದೆ. ಕನಸಿನಲ್ಲಿ ಅವನು ಕೋರ್ಟಿನ ಕಟಕಟೆಯಲ್ಲಿ! ಸಭೆ ಏಕೆಂದು ಯೋಚಿಸಲಿಲ್ಲ, ಬರುವವರಿಗೆ ವಿಷಯ ತಿಳಿಸಲಿಲ್ಲ, ತಯಾರಿ ಮಾಡಲಿಲ್ಲ, ಚರ್ಚೆಯನ್ನು ಹಿಡಿತದಲ್ಲಿಡಲಿಲ್ಲ, ಕೊನೆಗೆ ತೀರ್ಮಾನವನ್ನು ಬರೆದಿಡಲಿಲ್ಲ ಎಂಬ ಆರೋಪಗಳು ಒಂದೊಂದಾಗಿ ಬರುತ್ತವೆ.

ಇದೇ ಐದು ಅಂಶಗಳನ್ನು ಯಾರಾದರೂ ಪಿಪಿಟಿಯಲ್ಲಿ ಹಾಕಿ ತೋರಿಸಿದ್ದರೆ ಒಂದೂ ನೆನಪಿರುತ್ತಿರಲಿಲ್ಲ. ಆ ಸಿನಿಮಾ ನೋಡಿದ ವಾರವೇ ನಮ್ಮ ಟೆಕ್ ಫೆಸ್ಟ್ ಸಮಿತಿಯ ಸಭೆಯಿತ್ತು. ಒಂದೂವರೆ ತಾಸು ಟೀ ಶರ್ಟಿನ ಬಣ್ಣದ ಚರ್ಚೆ ನಡೆದು, ಸ್ಪಾನ್ಸರ್ ಹುಡುಕುವುದು ಯಾರು ಎಂಬುದೇ ತೀರ್ಮಾನವಾಗದೆ ಎಲ್ಲರೂ ಎದ್ದರು. ಸಭೆ ಕರೆದವನು ನಾನೇ. ಕಟಕಟೆ ಕಣ್ಣಮುಂದೆ ಬಂತು.

ಆಫೀಸ್ ಕಾಮಿಡಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಐಟಿ ಜೀವನದ ರೀಲ್ಸ್ ನಾವು ದಿನಾ ನೋಡುತ್ತೇವೆ. ಶುಕ್ರವಾರ ಸಂಜೆ ಕೆಲಸ ಕೊಡುವ ಮ್ಯಾನೇಜರ್, ರಜೆ ಕೇಳಿದರೆ ಮುಖ ಸಿಂಡರಿಸುವ ಎಚ್‌ಆರ್. ನಗು ಬರುತ್ತದೆ, ಆದರೆ ಅಲ್ಲಿ ತಪ್ಪು ಯಾವಾಗಲೂ ಬೇರೆಯವರದು. ನೋಡುವವನು ಸದಾ ಬಡಪಾಯಿ. ಕ್ಲೀಸ್ ಅವರ ಚಿತ್ರದಲ್ಲಿ ನಗೆಪಾಟಲಾಗುವವನು ನೋಡುತ್ತಿರುವ ನಾನೇ. ಅಲ್ಲದೆ ತಪ್ಪು ತೋರಿಸಿ ಕೈ ತೊಳೆದುಕೊಳ್ಳುವುದಿಲ್ಲ, ಅದೇ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆಂದೂ ತೋರಿಸುತ್ತಾರೆ.

ಹಾಗಾದರೆ ತರಬೇತಿಗೆ ಕಾಮಿಡಿ ಸೇರಿಸಿದರೆ ಸಾಕೆ? ಸಾಲದು ಎನ್ನುವುದಕ್ಕೆ ಒಂದು ಅನುಭವವಿದೆ. ಸಾಫ್ಟ್ ಸ್ಕಿಲ್ಸ್ ಕ್ಲಾಸೊಂದರಲ್ಲಿ ನಮಗೆ ಸಂದರ್ಶನದ ತಮಾಷೆಯ ವಿಡಿಯೊ ತೋರಿಸಿದರು. ಅದರಲ್ಲಿ ‘ತಪ್ಪು ಅಭ್ಯರ್ಥಿ’ ತಲೆಗೆ ಎಣ್ಣೆ ಹಚ್ಚಿ, ಅಳತೆಗೆ ದೊಡ್ಡದಾದ ಅಂಗಿ ತೊಟ್ಟು, ಕನ್ನಡದ ಧಾಟಿಯಲ್ಲಿ ಇಂಗ್ಲಿಷ್ ಮಾತಾಡುತ್ತಾನೆ. ‘ಸರಿಯಾದ ಅಭ್ಯರ್ಥಿ’ಯ ಇಂಗ್ಲಿಷ್ ನೀರಿನಂತೆ ಹರಿಯುತ್ತದೆ. ಕ್ಲಾಸಿನಲ್ಲಿ ಅರ್ಧ ಜನ ಬಿದ್ದು ಬಿದ್ದು ನಕ್ಕರು. ಕನ್ನಡ ಮಾಧ್ಯಮದಿಂದ ಬಂದ ನಾವು ಐದಾರು ಮಂದಿ ಡೆಸ್ಕ್ ನೋಡುತ್ತ ಕೂತೆವು. ಅಷ್ಟು ದಿನ ತಡವರಿಸುತ್ತಲಾದರೂ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ಬಿಡುತ್ತಿದ್ದ ಗೆಳೆಯನೊಬ್ಬ ಅವತ್ತಿನಿಂದ ಮಾತೇ ನಿಲ್ಲಿಸಿದ. ಪ್ಲೇಸ್‌ಮೆಂಟ್ ಶುರುವಾಗಲು ಕೆಲವೇ ತಿಂಗಳಿರುವಾಗ ಇದು ಸಣ್ಣ ನಷ್ಟವಲ್ಲ.

ಆ ವಿಡಿಯೊ ನಕ್ಕದ್ದು ಹುಡುಗನ ಹುಟ್ಟಿಗೆ, ಊರಿಗೆ. ಕೆಲಸಕ್ಕಲ್ಲ. ಕನಸಿನ ಕಟಕಟೆಯಲ್ಲಿ ನಿಂತ ಮ್ಯಾನೇಜರ್ ಮಾತ್ರ ಸೂಟು ಹಾಕಿದವನು, ಅವನ ಇಂಗ್ಲಿಷ್‌ನಲ್ಲಿ ಏನೂ ಕೊರತೆಯಿಲ್ಲ. ಅವನ ಮೇಲಿರುವ ಆರೋಪಗಳೆಲ್ಲ ನಾಳೆಯೇ ತಿದ್ದಿಕೊಳ್ಳಬಹುದಾದವು. ತಿದ್ದಿಕೊಳ್ಳಬಹುದಾದ ತಪ್ಪಿಗೆ ನಕ್ಕರೆ ಅದು ಪಾಠ, ಉಳಿದದ್ದು ರ‍್ಯಾಗಿಂಗ್. ಇಂಥ ವಿಡಿಯೊ ಆರಿಸುವ ಕಾಲೇಜುಗಳು ಇಷ್ಟನ್ನಾದರೂ ನೋಡಬೇಕು.

ಹೀಗೆ ನಗಿಸುವುದನ್ನು ಇಂಗ್ಲೆಂಡಿನಿಂದಲೇ ತರಬೇಕಿಲ್ಲ. ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಹಾಸ್ಯಗಾರನ ದೂತ ಗೊತ್ತು. ರಾಜ ಒಂದು ಸುದ್ದಿ ಕೇಳಿದರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾನೆ. ಪ್ರಾಜೆಕ್ಟ್ ರಿವ್ಯೂನಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೇ? ಮಾಡ್ಯೂಲ್ ಮುಗಿಯಿತಾ ಎಂದರೆ ಲ್ಯಾಬಿನ ಬೀಗದ ಕಥೆ ಹೇಳುತ್ತೇವೆ. ಕೆಳದಿಯಿಂದ ಸಾಗರ ದಾಟಿದರೆ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ ಅಲ್ಲಿ ನಾಟಕ ಕಟ್ಟಿದ್ದಲ್ಲದೆ ಜಗತ್ತಿನ ಸಿನಿಮಾಗಳನ್ನೂ ಹಳ್ಳಿಯವರಿಗೆ ತೋರಿಸಿತು. ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು. ನಟಿಸುವವರು, ಬರೆಯುವವರು, ನೋಡಿ ಬಲ್ಲವರು ಇಷ್ಟು ಹತ್ತಿರವಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಾಜ್ಯದಲ್ಲಿ ಎಷ್ಟು ಜನ ಇದ್ದಾರು? ಖರ್ಚಿನ ಮಾತಂತೂ ಬೇಡ. 2020ರ ಲಾಕ್‌ಡೌನ್‌ನಲ್ಲಿ ದಾನಿಶ್ ಸೇಟ್ ಮನೆಯೊಳಗೇ ಕೂತು, ಹಲವು ಪಾತ್ರಗಳನ್ನು ಒಬ್ಬರೇ ಮಾಡಿ, ಮೊಬೈಲ್ ವಿಡಿಯೊಗಳಲ್ಲೇ ರಾಜ್ಯವನ್ನು ನಗಿಸಿದರು.

ನಾವು ಮೂವರು ಗೆಳೆಯರು ಇನ್ವರ್ಟರಿನ ಕಥೆಯನ್ನೇ ಹತ್ತು ನಿಮಿಷದ ಸ್ಕ್ರಿಪ್ಟ್ ಮಾಡಿದ್ದೇವೆ, ಕನ್ನಡದಲ್ಲಿ. ಮಾತು ನಿಲ್ಲಿಸಿದ್ದ ಗೆಳೆಯನೇ ಮನೆ ಯಜಮಾನ. ‘ಅಲ್ದನಾ ತಮ್ಮಾ’ ಎಂಬುದನ್ನು ಅವನು ಹೇಳಿದರೆ ಎದುರಿಗಿದ್ದವರಿಗೆ ನಗು ತಡೆಯುವುದೇ ಕಷ್ಟ. ತಪ್ಪಿನ ದೃಶ್ಯ ಒಂದೇ ಸಂಜೆಯಲ್ಲಿ ಬರೆದು ಮುಗಿಯಿತು. ಸರಿಯಾದ ದೃಶ್ಯಕ್ಕೆ ಮಾತ್ರ ಎರಡು ವಾರದಿಂದ ಜಗಳ. ಬ್ಯಾಟರಿ ನಿಜಕ್ಕೂ ಸಾಲದು. ಅದನ್ನು ಮುಚ್ಚಿಟ್ಟರೆ ಗ್ರಾಹಕರಿಗೆ ಮೋಸ, ಹೇಳಿದರೆ ನಮ್ಮವರನ್ನೇ ಹೀಗಳೆದಂತೆ. ಸದ್ಯಕ್ಕೆ ನಾನು ಬರೆದಿರುವ ಸಾಲು ಇದು: “ನಿಮ್ಮ ಮನೆ ಲೋಡಿಗೆ ಈ ಬ್ಯಾಟರಿ ಸಾಲ್ತಿಲ್ಲ. ಫ್ರಿಜ್ಜು ಇದರಿಂದ ತೆಗೆದ್ರೆ ಎಷ್ಟು ಹೊತ್ತು ಬರುತ್ತೆ ಅಂತ ಈಗಲೇ ನೋಡುವ. ದೊಡ್ಡದು ಬೇಕಾದ್ರೆ ಇದನ್ನ ಬದಲಿಸಿ ಕೊಡೋಕೆ ಆಗುತ್ತಾ ಅಂತ ಆಫೀಸಲ್ಲಿ ಕೇಳಿ ನಾಳೆ ಸಂಜೆಯೊಳಗೆ ಫೋನ್ ಮಾಡ್ತೇನೆ.” ಯಜಮಾನನ ಪಾತ್ರದವನು ಇದಕ್ಕೂ ತಕರಾರು ತೆಗೆದಿದ್ದಾನೆ. “ನಾಳೆ ಸಂಜೆ ಫೋನ್ ಬರದಿದ್ರೆ?” ಅಂತ. ಹಾಗಾಗಿ ಆ ಫೋನಿನ ದೃಶ್ಯವನ್ನೂ ಈಗ ಬರೆಯಬೇಕಾಗಿದೆ.